ಬಾಯಿ ಬಿಟ್ಟು ಹೇಳದ ಮಾತು

ಆ ಕ್ಷೌರದಂಗಡಿಯಲ್ಲಿ ಇದ್ದದ್ದು ಎರಡೇ ಕುರ್ಚಿ. ಬಾಗಿಲ ಪಕ್ಕದ್ದು ಅಪ್ಪನದು, ಒಳಗಿನದು ಮಗನದು. ಈಚೀಚೆಗೆ ಬಂದವರೆಲ್ಲ ಅಪ್ಪನ ಕುರ್ಚಿಯನ್ನು ದಾಟಿ ಒಳಗೆ ಹೋಗಿ, ಬೆಂಚಿನ ಮೇಲೆ ಕೂತು, ಮಗನ ಕೈ ಖಾಲಿಯಾಗುವುದನ್ನೇ ಕಾಯುತ್ತಿದ್ದರು. ಅಪ್ಪ ಟವೆಲ್ಲನ್ನು ಪಟಪಟ ಕೊಡವಿ, "ಬನ್ನಿ, ಇಲ್ಲಿ ಖಾಲಿ ಇದೆಯಲ್ಲ" ಎಂದರೆ, "ಇರಲಿ ಬಿಡಿ, ನನಗೇನೂ ಅವಸರ ಇಲ್ಲ, ಪೇಪರ್ ಓದ್ತಿರ್ತೀನಿ" ಎನ್ನುತ್ತಿದ್ದರು. ಓದುತ್ತಿದ್ದದ್ದು ಹಿಂದಿನ ವಾರದ ಪೇಪರ್.

ಅಪ್ಪನನ್ನು ಬೀದಿಯವರು ನುಣುಪಣ್ಣ ಎಂದು ಕರೆಯುತ್ತಿದ್ದರು. ಅವನು ಗಡ್ಡ ಹೆರೆದ ಕೆನ್ನೆಯ ಮೇಲೆ ನೊಣ ಕೂತರೂ ಜಾರಿ ಬೀಳುತ್ತದೆ ಎಂದು ಯಾರೋ ಹಿಂದೆ ತಮಾಷೆ ಮಾಡಿದ್ದು ಹಾಗೇ ಹೆಸರಾಗಿ ಉಳಿದಿತ್ತು. ನುಣ್ಣಗೆ ಆಗಬೇಕಾದರೆ ಹತ್ತಿರ ಬಾಗಬೇಕು ಎಂಬುದು ಅವನು ಕಲಿತ ಮೊದಲ ಪಾಠ. ಗಿರಾಕಿಯ ಮುಖಕ್ಕೆ ಒಂದು ಗೇಣು ದೂರಕ್ಕೆ ತನ್ನ ಮುಖ ತಂದು, ಉಸಿರು ಬಿಗಿಹಿಡಿದು ಕತ್ತಿ ಎಳೆಯುತ್ತಿದ್ದ. ಎಳೆದಾದ ಮೇಲೆ ಉಸ್ಸೆಂದು ಬಿಡುತ್ತಿದ್ದ.

ಬೆಳಿಗ್ಗೆ ಹಲ್ಲುಜ್ಜುವಾಗ ಅವನ ಉಗುಳು ಕೆಂಪಗಿರುತ್ತಿತ್ತು. ವಯಸ್ಸಾಯಿತಲ್ಲ ಎಂದು ಒಂದು ಚೊಂಬು ನೀರು ಹುಯ್ದು ಬಚ್ಚಲಿಗೆ ಕಳಿಸಿಬಿಡುತ್ತಿದ್ದ. ಅಲ್ಲಾಡುತ್ತಿದ್ದ ಒಂದು ದವಡೆ ಹಲ್ಲನ್ನು ತಾನೇ ಬೆರಳು ಹಾಕಿ ತಿರುಚಿ ತಿರುಚಿ ಕಿತ್ತು ಕಿಟಕಿಯಾಚೆ ಎಸೆದಿದ್ದ. ಬಲಗಡೆ ಜಗಿಯುವುದನ್ನು ಬಿಟ್ಟು ಯಾವ ಕಾಲವಾಗಿತ್ತೋ. ಬ್ರೆಡ್ಡಿನ ಅಂಚನ್ನು ಸೂಪಿನಲ್ಲಿ ನೆನೆಸಿ ಎಡಗಡೆಗೆ ತಳ್ಳಿಕೊಳ್ಳುತ್ತಿದ್ದ. ಸಿಗರೇಟು ಮಾತ್ರ ಎರಡೂ ಕಡೆಗೆ ಸಲ್ಲುತ್ತಿತ್ತು.

ಒಂದು ಸಂಜೆ ಊಟಕ್ಕೆ ಕೂತಾಗ ಅವನು ಮಗನನ್ನು ನೇರವಾಗಿ ಕೇಳಿಬಿಟ್ಟ.

"ಬರೋ ಗಿರಾಕಿಗಳಿಗೆ ನೀನು ಏನು ಹೇಳ್ಕೊಡ್ತಿದ್ದೀಯ?"

"ನಾನೇನು ಹೇಳ್ಕೊಡ್ಲಿ ಅಪ್ಪ?"

"ಏನೂ ಹೇಳದೆ ನನ್ನ ಕುರ್ಚಿ ಮುಂದೆ ಹಾದು ನಿನ್ನ ಹತ್ರ ಬರೋಕೆ ಅವರಿಗೇನು ತಲೆ ಕೆಟ್ಟಿದೆಯಾ? ನಾನು ಕತ್ತರಿ ಹಿಡಿದಾಗ ನೀನಿನ್ನೂ ಹುಟ್ಟೇ ಇರಲಿಲ್ಲ. ನಮ್ಮ ಬುಕ್ ಬೈಂಡರ್ ಕೂಡ ಮೊನ್ನೆ ನಿನ್ನ ಕುರ್ಚೀಲಿ ಕೂತಿದ್ದ. ಮೂವತ್ತು ವರ್ಷ ನನ್ನ ಕೈಯಲ್ಲೇ ಗಡ್ಡ ಬೋಳಿಸ್ಕೊಂಡವನು!"

"ಊಟದ ಹೊತ್ತಲ್ಲಿ ಬೇಡ ಆ ಮಾತು" ಎಂದಳು ನುಣುಪಣ್ಣನ ಹೆಂಡತಿ. ಅವಳು ಕೂರುತ್ತಿದ್ದದ್ದು ಮೇಜಿನ ಆ ತುದಿಗೆ, ಒಲೆಗೆ ಹತ್ತಿರ ಎಂಬ ನೆಪದಲ್ಲಿ.

ಸೊಸೆ ತಲೆಯೆತ್ತಿ, "ಮಾವ, ಅದು..." ಎಂದು ಶುರುಮಾಡಿದಳು. ಮಗ ಕಣ್ಣಲ್ಲೇ ಬೇಡ ಎಂದ. ಅವಳು ಆಲೂಗಡ್ಡೆಯ ಸಿಪ್ಪೆ ಸುಲಿಯುವುದರಲ್ಲಿ ಮುಳುಗಿದಳು. ಗಂಡಹೆಂಡಿರ ಆ ಸನ್ನೆ ನುಣುಪಣ್ಣನ ಕಣ್ಣಿಗೆ ಬೀಳದೆ ಇರಲಿಲ್ಲ. ಇವರಿಬ್ಬರೂ ಸೇರಿ ಅಂಗಡಿ ಹೊಡೆದುಕೊಳ್ಳುವ ಮಸಲತ್ತು ಮಾಡಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು. ಮರುದಿನದಿಂದ ಮಗನ ಜೊತೆ ಮಾತು ಬಿಟ್ಟ.

ಅಪ್ಪ ಮಗ ಪಕ್ಕಪಕ್ಕ ನಿಂತು ಮಾತಿಲ್ಲದೆ ಕೆಲಸ ಮಾಡುವುದು ಗಿರಾಕಿಗಳಿಗೂ ಮುಜುಗರದ ಸಂಗತಿ. ಬೇಕಾದ್ದನ್ನು ನುಣುಪಣ್ಣ ಗೋಡೆಗೆ ಹೇಳುತ್ತಿದ್ದ. "ಬ್ಲೇಡು ಮುಗಿದಿದೆ, ತರೋರು ತರಬಹುದು" ಎನ್ನುತ್ತಿದ್ದ. ಮಗ ತರುತ್ತಿದ್ದ.

ಹೀಗೇ ಒಂದು ಬೆಳಿಗ್ಗೆ ಅವನು ಖಾಲಿ ಕುರ್ಚಿಯ ಮುಂದೆ ನಿಂತು ಬಟ್ಟಲಲ್ಲಿ ಸೋಪಿನ ನೊರೆ ಎಬ್ಬಿಸುತ್ತಿದ್ದ. ಯಾರಾದರೂ ಬಂದರೆ ಸಿದ್ಧವಿರಲಿ ಎಂದು. ಬ್ರಷ್ಷು ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಲು ಹೋದರೆ ಬಲಗೈ ಬರಲಿಲ್ಲ. ಯಾರದೋ ಕೈ ತನ್ನ ಭುಜಕ್ಕೆ ತೂಗುಬಿದ್ದ ಹಾಗಿತ್ತು. ಬಟ್ಟಲೂ ಬಿತ್ತು. ಮಗ ಇನ್ನೊಬ್ಬರ ಕೆನ್ನೆಯಿಂದ ಕಣ್ಣು ತೆಗೆಯದೆ, "ಅಪ್ಪ, ಕೋಪ ಇದ್ರೆ ನನ್ನ ಮೇಲೆ ತೀರಿಸ್ಕೋ, ಬಟ್ಟಲು ಯಾಕೆ ಎಸೀತೀಯ?" ಎಂದ.

ನುಣುಪಣ್ಣ ನಾನು ಎಸೆಯಲಿಲ್ಲ ಎಂದು ಹೇಳಹೋದ. ಬಾಯಿಂದ ಬಂದದ್ದು ಮಾತಲ್ಲ, ನೆಂದ ಬಟ್ಟೆ ಹಿಂಡಿದಂಥ ಒಂದು ಸದ್ದು. ಮಗ ತಿರುಗಿ ನೋಡಿದ. ಅಪ್ಪನ ಬಾಯಿಯ ಬಲತುದಿ ಕೆಳಗೆ ಜೋತು, ಅಲ್ಲಿಂದ ಜೊಲ್ಲು ಇಳಿಯುತ್ತಿತ್ತು. ಅರ್ಧ ಕ್ಷೌರವಾಗಿದ್ದ ಗಿರಾಕಿಯೇ ಟವೆಲ್ಲಿನ ಸಮೇತ ಬೀದಿಗೆ ಓಡಿ ಗಾಡಿ ನಿಲ್ಲಿಸಿದ.

ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದರು ಆಸ್ಪತ್ರೆಯ ಡಾಕ್ಟರು. ಮಿದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿತ್ತು, ಔಷಧಿಗೆ ಕರಗಿತು. ಜೀವಕ್ಕೆ ಅಪಾಯವಿಲ್ಲ. ಕೈಯೂ ಮಾತೂ ಎಷ್ಟು ವಾಪಸು ಬರುತ್ತವೆ ಎಂಬುದನ್ನು ಕಾದು ನೋಡಬೇಕು.

ಮೂರನೆಯ ದಿನ ಅದೇ ಡಾಕ್ಟರು ಕೈಗೆ ಗ್ಲೌಸು ಹಾಕಿ, ನುಣುಪಣ್ಣನ ಕೆಳತುಟಿಯನ್ನು ಹೆಬ್ಬೆರಳಿಂದ ಕೆಳಗೆ ಎಳೆದು ನೋಡಿದರು. ಮೇಲ್ತುಟಿ ಎತ್ತಿ ನೋಡಿದರು. ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿಕೊಂಡರು.

"ಬಿಪಿ ಇದೆ, ಸಿಗರೇಟಿದೆ. ದೊಡ್ಡ ಕಾರಣಗಳು ಅವೇ. ಆದರೆ ಈ ಒಸಡು ನೋಡಿ, ಕೀವು ತುಂಬಿದೆ. ಹಲ್ಲಿನ ಸಂದೀಲಿ ಕೂತಿರೋ ಬ್ಯಾಕ್ಟೀರಿಯಾ ಬಾಯಲ್ಲೇ ಇರುತ್ತೆ ಅಂದ್ಕೊಳ್ತೀವಿ. ಒಸಡಲ್ಲಿ ರಕ್ತ ಬಂತು ಅಂದ್ರೆ ಅವಕ್ಕೆ ಒಳಗೆ ಹೋಗೋಕೆ ಬಾಗಿಲು ತೆರೀತು ಅಂತ ಅರ್ಥ. ರಕ್ತದ ಜೊತೆ ಮೈಯೆಲ್ಲ ಓಡಾಡ್ತವೆ. ರಕ್ತನಾಳದ ಒಳಗೋಡೆ ಊದಿಕೊಳ್ಳುತ್ತೆ, ಹೆಪ್ಪು ಕಟ್ಟೋಕೆ ಅದೂ ಒಂದು ಸಹಾಯ."

"ಅಂದ್ರೆ ಹಲ್ಲಿಂದ ಲಕ್ವ ಹೊಡೀತಾ ಡಾಕ್ಟ್ರೇ?" ಮಗ ಕೇಳಿದ.

"ಹಲ್ಲಿಂದಲೇ ಹೊಡೀತು ಅಂತ ನಾನು ಪ್ರಮಾಣ ಮಾಡೋಕಾಗಲ್ಲ. ಒಸಡು ಕೆಟ್ಟೋರಲ್ಲಿ ಲಕ್ವ ಹೆಚ್ಚು ಕಾಣಿಸ್ಕೊಳ್ಳುತ್ತೆ, ಅಷ್ಟು ಗೊತ್ತಿದೆ. ಇವರ ವಯಸ್ಸು ಇಳಿಸೋಕೆ ನನ್ನ ಕೈಲಾಗಲ್ಲ. ಬಾಯಿ ಸರಿಮಾಡ್ಕೊಳ್ಳೋದು ನಿಮ್ಮ ಕೈಲಿದೆ. ಎಷ್ಟು ದಿನದಿಂದ ಇದೆ ಈ ವಾಸನೆ?"

ಹೆಂಡತಿ ಹಿಂದುಮುಂದು ನೋಡದೆ, "ಏಳೆಂಟು ವರ್ಷ ಆಯ್ತು ಡಾಕ್ಟ್ರೇ, ಹತ್ರ ಕೂರೋಕಾಗಲ್ಲ" ಎಂದಳು. ಅಂದವಳೇ ಬಾಯಿಗೆ ಕೈ ಅಡ್ಡ ಹಿಡಿದಳು.

ನುಣುಪಣ್ಣನ ಬಲಗಡೆ ಮಾತ್ರ ಸತ್ತಿತ್ತು, ಕಿವಿ ಎರಡೂ ಚೆನ್ನಾಗಿದ್ದವು. ಅವನು ಹೆಂಡತಿಯನ್ನು ನೋಡಿದ. ಮಗನನ್ನು ನೋಡಿದ. ಮಗ ಕಿಟಕಿಯ ಕಡೆ ತಿರುಗಿಕೊಂಡ. ಮೇಜಿನ ಆ ತುದಿ, ಬೆಂಚಿನ ಮೇಲಿನ ಹಳೇ ಪೇಪರು, ಬೈಂಡರ್ ಒಳಗಿನ ಕುರ್ಚಿಗೆ ಹೋಗಿ ಕೂತದ್ದು, ಎಲ್ಲ ಒಟ್ಟಿಗೆ ಬಂದು ಅವನ ಎದೆಯ ಮೇಲೆ ಕೂತವು. ಕೂಗಾಡೋಣವೆಂದರೆ ನಾಲಿಗೆ ಏಳಲಿಲ್ಲ. ಆ ಸಿಟ್ಟಿನಲ್ಲಿ ಅವನು ತನ್ನಿಂದ ಸಾಧ್ಯವಿದ್ದ ಒಂದೇ ಕೆಲಸ ಮಾಡಿದ. ಬಾಯಿ ಮುಚ್ಚಿದ.

ಮನೆಗೆ ಬಂದ ಮೇಲೂ ಅದೇ. ತಿನ್ನಿಸುವಾಗ ಬಾಯಿ ತೆರೆಯುತ್ತಿದ್ದ; ಗಂಜಿ, ಮೆತ್ತಗೆ ಬೇಯಿಸಿದ ಅನ್ನ, ಹಿಸುಕಿದ ಆಲೂಗಡ್ಡೆ. ತಿಂದಾದ ಮೇಲೆ ತೊಳೆಯಲು ಬಂದರೆ ದವಡೆ ಕಚ್ಚಿಕೊಳ್ಳುತ್ತಿದ್ದ. ಆಸ್ಪತ್ರೆಯವರು ಒತ್ತಿ ಒತ್ತಿ ಹೇಳಿದ್ದರು: ಬಲಗೆನ್ನೆಗೆ ಸ್ಪರ್ಶವಿಲ್ಲ, ಅಲ್ಲಿ ಅನ್ನ ಉಳಿದರೆ ಅವರಿಗೇ ತಿಳಿಯುವುದಿಲ್ಲ, ಪ್ರತಿ ಊಟವಾದ ಮೇಲೂ ಬಾಯಿ ಶುದ್ಧ ಮಾಡಿ, ಇಲ್ಲವಾದರೆ ಆ ಕೊಳಕೇ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ ಎಂದು. ಹೆಂಡತಿ ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮಂಚದ ಪಕ್ಕ ಕಾದಳು. ಬೇಡಿಕೊಂಡಳು. ಗದರಿದಳು. ಕೊನೆಗೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

"ನೀನಾದ್ರೂ ಹೇಳು ನಿಮ್ಮಪ್ಪನಿಗೆ."

"ನನ್ನ ಮುಖ ನೋಡಿದ್ರೇ ಗೋಡೆ ಕಡೆ ತಿರುಗ್ತಾನೆ. ಏನು ಹೇಳ್ಲಿ?"

"ಹಠ! ಲಕ್ವ ಅರ್ಧ ಮೈಗೆ ಹೊಡೆದ್ರೂ ಹಠಕ್ಕೆ ಹೊಡೀಲಿಲ್ಲವಲ್ಲ!"

ವಾರ ತುಂಬುವಷ್ಟರಲ್ಲಿ ಅವನಿಗೆ ನೀರು ಕುಡಿದರೆ ಕೆಮ್ಮು ಬರತೊಡಗಿತು. ಸಂಜೆ ಮೈ ಬಿಸಿಯಾಗುತ್ತಿತ್ತು.

ಸೊಸೆಗೆ ಬೇಕರಿಯಲ್ಲಿ ಬೆಳಗಿನ ಪಾಳಿ. ಮಧ್ಯಾಹ್ನ ಅವಳು ಮನೆಗೆ ಬಂದಾಗ ಹುಬ್ಬಿನ ಮೇಲೆ ಹಿಟ್ಟು ಹಾಗೇ ಇರುತ್ತಿತ್ತು. ಆ ದಿನ ದಾರಿಯಲ್ಲಿ ಅಂಗಡಿಗೆ ಹೋಗಿ, ಕಟಿಂಗ್ ಆದ ಮೇಲೆ ಗಿರಾಕಿಯ ತಲೆಯ ಹಿಂದೆ ಹಿಡಿದು ತೋರಿಸುವ ಕೈಗನ್ನಡಿಯನ್ನು ತಂದಿದ್ದಳು. ಅತ್ತೆಯನ್ನು ಕೋಣೆಯಿಂದ ಆಚೆ ಕಳಿಸಿ, ಸ್ಟೂಲು ಎಳೆದು ಮಾವನ ಎದುರು ಕೂತಳು.

"ಮಾವ, ನಮ್ಮೆಲ್ಲರ ಮೇಲೂ ಕೋಪ ಇದೆ, ಅಲ್ವಾ?"

ಅವನು ದುರುಗುಟ್ಟಿ ನೋಡಿದ.

"ಇರಲಿ, ಇರಬೇಕಾದ್ದೇ. ಆದರೆ ನಮ್ಮನ್ನ ಬೈಬೇಕು ಅಂದ್ರೂ ಬಾಯಿ ಬಿಡಲೇಬೇಕಲ್ಲ."

ನುಣುಪಣ್ಣನಿಗೆ ನಗು ಬಂತು. ಬೇಡವೆಂದರೂ ಬಂತು. ಮುಖದ ಎಡಭಾಗ ಮಾತ್ರ ನಕ್ಕಿತು. ಆ ಗಳಿಗೆಯಲ್ಲೇ ಅವಳು ಕನ್ನಡಿ ಹಿಡಿದು ಟಾರ್ಚು ಹಾಕಿದಳು. "ಊರಿನವರಿಗೆಲ್ಲ ಅವರವರ ತಲೆ ತೋರಿಸಿದ್ದೀರಿ. ಇದೊಂದನ್ನ ನೀವು ನೋಡ್ಕೊಂಡುಬಿಡಿ, ಆಮೇಲೆ ನಾನು ಒತ್ತಾಯ ಮಾಡಲ್ಲ."

ಜೀವಮಾನವೆಲ್ಲ ಕನ್ನಡಿಯ ಮುಂದೆ ನಿಂತಿದ್ದರೂ ಅವನು ಅದರಲ್ಲಿ ನೋಡಿದ್ದು ಬೇರೆಯವರ ಮುಖ. ಈಗ ಬಾಯಿ ತೆರೆದು ನೋಡಿದ. ಒಸಡು ಕಪ್ಪುಗೆಂಪಾಗಿ ಊದಿ ಹಲ್ಲಿನಿಂದ ಬಿಟ್ಟುಕೊಂಡಿತ್ತು. ಹಲ್ಲಿನ ಬುಡಕ್ಕೆ ಹಳೇ ನಲ್ಲಿಯ ಮೂತಿಗೆ ಕಟ್ಟುವಂಥ ಕಂದುಬಣ್ಣದ ಗಾರೆ. ಎರಡು ಹಲ್ಲುಗಳ ಬೇರೇ ಹೊರಗೆ ಕಾಣುತ್ತಿತ್ತು. ಬಲಗೆನ್ನೆಯ ಒಳಗೆ ನಿನ್ನೆಯ ಅನ್ನ ಉಂಡೆಯಾಗಿ ಕೂತಿತ್ತು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ಈ ಬಾಯಿಯ ಗಿರಾಕಿ ತನ್ನ ಕುರ್ಚಿಗೆ ಬಂದಿದ್ದರೆ ತಾನು ಉಸಿರು ಬಿಗಿಹಿಡಿದು ಬೇಗ ಬೇಗ ಮುಗಿಸಿ ಕಳಿಸುತ್ತಿದ್ದೆ ಎಂದು ಅವನಿಗೆ ಹೊಳೆಯಿತು.

ಕನ್ನಡಿಯನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿ, ಬಾಯಿ ಇನ್ನೂ ಅಗಲ ಮಾಡಿದ.

ಮೆತ್ತನೆಯ ಬ್ರಷ್ಷು, ಬಟ್ಟೆ, ಉಪ್ಪುನೀರು. ಸೊಸೆ ತಟ್ಟೆಯ ಅಂಚು ಒರೆಸುವಷ್ಟೇ ಸಲೀಸಾಗಿ ಕೆಲಸ ಮಾಡಿದಳು. "ಈ ಮನೆಗೆ ಬಂದ ಹೊಸದರಲ್ಲೇ ನಾನು ಹೇಳ್ತೀನಿ ಅಂದೆ. ಅಮ್ಮ ಮಗ ಇಬ್ಬರೂ ನನ್ನ ಬಾಯಿ ಮುಚ್ಚಿಸಿದ್ರು. ಹೊಸ ಸೊಸೆ ಮಾವನ ಬಾಯಿ ವಾಸನೆ ಅನ್ನೋದಾ ಅಂತ. ಆಮೇಲೆ ನಾನೂ ಹಳಬಳಾದೆ, ಸುಮ್ಮನಾದೆ. ಉಗುಳಿ." ಅವನು ಉಗುಳಿದ.

ಜ್ವರ ಇಳಿಯಿತು. ಕೈಗೆ ವ್ಯಾಯಾಮ ಬೇಕೆಂದಿದ್ದರು. ಸೊಸೆ ಬೇಕರಿಯಿಂದ ಮಿಕ್ಕ ಹಿಟ್ಟಿನ ಮುದ್ದೆ ತಂದು ಬಲಗೈಗೆ ಕೊಡುತ್ತಿದ್ದಳು. ಮೊದಮೊದಲು ಅದು ಅಂಗೈಯಲ್ಲಿ ಸುಮ್ಮನೆ ಕೂತಿರುತ್ತಿತ್ತು. ಆಮೇಲೆ ಅದರ ಮೇಲೆ ಬೆರಳ ಗುರುತು ಮೂಡಿತು. ಮಾತೂ ಬಂತು, ಎಳೆದು ಎಳೆದು. ಪೂರ್ತಿಯಾಗಿ ಹೇಳಲು ಬಂದ ಮೊದಲ ಮಾತನ್ನು ಅವನು ಹೆಂಡತಿಗಾಗಿ ಇಟ್ಟುಕೊಂಡಿದ್ದ.

ಅವಳು ಹಿತ್ತಲ ಕಟ್ಟೆಯ ಮೇಲೆ ಅಂಗಡಿಯ ಟವೆಲ್ಲುಗಳನ್ನು ಒಗೆಯುತ್ತಿದ್ದಳು. ಅವನು ಗೋಡೆ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ."

"ಯಾವಾಗ?"

"ಮಗನ ಮದುವೆಗೆ ಮುಂಚೆ. ಬಾಯಿ ಸ್ವಲ್ಪ ವಾಸನೆ ಬರುತ್ತೆ, ಒಂದ್ಸಲ ತೋರಿಸ್ಕೊಳ್ಳಿ ಅಂದೆ. ಅಷ್ಟೇ ಅಂದದ್ದು. ನೀವು ತಟ್ಟೆ ತಳ್ಳಿ ಎದ್ದು ಹೋದ್ರಿ. ಎಷ್ಟೋ ದಿನ ಅಂಗಡಿಯಲ್ಲೇ ಮಲಗಿದ್ರಿ. ಮರ್ತುಹೋಯ್ತಾ?"

ಅಂಗಡಿಯಲ್ಲಿ ಮಲಗಿದ್ದು ಅವನಿಗೆ ನೆನಪಿತ್ತು. ಯಾಕೆಂಬುದು ನೆನಪಿರಲಿಲ್ಲ. ಸೆಕೆಗೆ ಎಂದುಕೊಂಡಿದ್ದ.

"ಆಮೇಲೆ?"

"ಆಮೇಲೆ ಗೋಡೆ ಕಡೆ ತಿರುಗಿ ಮಲಗೋದು ಕಲಿತೆ. ಮೇಜಿನ ಆ ತುದೀಲಿ ಕೂರೋದು ಕಲಿತೆ. ನಿಮ್ಮ ಹತ್ರ ಜಗಳ ಆಡೋದಕ್ಕಿಂತ ಅದು ಸಲೀಸಾಗಿತ್ತು." ಅವಳು ಟವೆಲ್ಲನ್ನು ನೀರಿಂದ ಎತ್ತಿದಳು. "ಸುಮ್ಮನಿದ್ದದ್ದು ನನ್ನ ತಪ್ಪೇ. ಆಸ್ಪತ್ರೇಲಿ ನೀವು ಹಾಗೆ ಮಲಗಿದ್ದಾಗ ನನಗೆ ನಾನೇ ಎಷ್ಟು ಬೈಕೊಂಡೆನೋ. ಆದರೆ ಪೂರ್ತಿ ನನ್ನ ತಪ್ಪು ಅಂತ ಮಾತ್ರ ಒಪ್ಪಲ್ಲ. ಈ ತುದಿ ಹಿಡ್ಕೊಳ್ಳಿ. ಆ ಕೈಯಲ್ಲಲ್ಲ, ಬಲಗೈಯಲ್ಲಿ."

ಅವನು ಹಿಡಿದ. ಅವಳು ತಿರುಚಿದಳು. ಟವೆಲ್ಲು ಅವನ ಕೈಯಿಂದ ಬಿಟ್ಟುಹೋಗಿ ಅವಳ ಮುಖಕ್ಕೇ ನೀರು ರಾಚಿತು. "ಇನ್ನೊಂದ್ಸಲ" ಎಂದಳು, ಮುಖ ಒರೆಸಿಕೊಳ್ಳುತ್ತ. ಬುಟ್ಟಿ ಖಾಲಿಯಾಗುವವರೆಗೂ ಇಬ್ಬರೂ ಹಿಂಡಿದರು.

ಬೈಂಡರ್ ನೋಡಲು ಬಂದವನು ಕಿತ್ತಳೆ ಹಣ್ಣು ತಂದಿದ್ದ. ಪುಸ್ತಕಕ್ಕೆ ರಟ್ಟು ಕಟ್ಟುವವನ ಬೆರಳು, ಉಗುರಲ್ಲಿ ಅಂಟು. ನುಣುಪಣ್ಣ ಅವನನ್ನು ಕೂರಲೂ ಬಿಡದೆ ತಗುಲಿಕೊಂಡ.

"ಮೂವತ್ತು ವರ್ಷದ ಸ್ನೇಹ. ನೀನಾದ್ರೂ ಹೇಳಬಾರದಿತ್ತಾ?"

ಬೈಂಡರ್ ತಲೆ ಕೆರೆದುಕೊಂಡ. "ನೀನೇ ಯೋಚನೆ ಮಾಡು ಮಾರಾಯ. ನಾನು ತಲೆ ಹಿಂದಕ್ಕೆ ಒರಗಿಸಿ ಕೂತಿರ್ತೀನಿ. ನಿನ್ನ ಕತ್ತಿ ನನ್ನ ಗಂಟಲ ಮೇಲಿರುತ್ತೆ. ಆ ಹೊತ್ತಲ್ಲಿ ನಿನ್ನ ಬಾಯಿ ನಾರ್ತಿದೆ ಅಂತ ಯಾವ ಗಂಡಸು ಹೇಳ್ತಾನೆ?"

ಒಳಗೆ ಹೆಂಡತಿ ಕಿಸಕ್ಕೆಂದಳು. ನುಣುಪಣ್ಣನೂ ನಕ್ಕ, ಆದರೆ ಬೈಂಡರ್ ಹೋದ ಮೇಲೆ ಬಹಳ ಹೊತ್ತು ಹಣ್ಣನ್ನು ಸುಲಿಯದೆ ಕೈಯಲ್ಲೇ ತಿರುಗಿಸುತ್ತ ಕೂತಿದ್ದ.

ಹಲ್ಲಿನ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಆಸ್ಪತ್ರೆಯ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ, ರಕ್ತ ತೆಳುಮಾಡುವ ಮಾತ್ರೆ ನಿಲ್ಲಿಸುವುದು ಬೇಡ, ಹಲ್ಲು ಕೀಳುವ ಅವಸರವೂ ಬೇಡ, ಈಗ ಸ್ವಲ್ಪ ಸ್ವಲ್ಪವೇ ಗಾರೆ ತೆಗೆಯೋಣ ಎಂದು ಮಗನಿಗೆ ತಿಳಿಸಿ ಹೇಳಿದರು. ಅವರು ಬಾಯಿಯ ಮೇಲೆ ಬಾಗಿದೊಡನೆ ನುಣುಪಣ್ಣ ಉಸಿರು ಬಿಗಿಹಿಡಿದ. ಬಾಗುವುದು ಎಂದರೇನೆಂದು ಅವನಿಗೆ ಗೊತ್ತಿತ್ತು.

"ಉಸಿರಾಡಿ. ಹೀಗೆ ಬಿಗಿ ಹಿಡಿದ್ರೆ ನನ್ನ ಕುರ್ಚೀಲೇ ಇನ್ನೊಂದು ಅಟ್ಯಾಕ್ ಮಾಡ್ಕೊಳ್ತೀರಿ."

"ವಾಸನೆ..." ಎಂದ ಅವನು, ಹೀರುವ ಕೊಳವೆಯ ನಡುವೆಯೇ.

"ವಾಸನೆ ಇಲ್ಲದೋರು ನನ್ನ ಹತ್ರ ಯಾಕೆ ಬರ್ತಾರೆ? ನಿಮ್ಮ ಅಂಗಡಿಗೆ ಕೂದಲು ಬೆಳೆದೋರು ತಾನೇ ಬರೋದು?"

ಅವನು ಉಸಿರು ಬಿಟ್ಟ. ನೋವಾಯಿತು, ರಕ್ತವೂ ಬಂತು, ಗಾರೆಯ ಚೂರುಗಳು ಟ್ರೇಗೆ ಟಕ್ ಟಕ್ ಎಂದು ಬಿದ್ದವು. ಎರಡು ಹಲ್ಲು ಉಳಿಯುವುದಿಲ್ಲ, ಮುಂದೆ ತೆಗೆಯಲೇಬೇಕು ಎಂದರು. ಇವನು ಬಾಯಿ ಮುಕ್ಕಳಿಸಿ, "ಸಿಗರೇಟು?" ಎಂದು ಕೇಳಿದ. ಡಾಕ್ಟರು ಅವನ ಬಲಗೈಯನ್ನು ನೋಡಿದರು. ಅವನು ಮತ್ತೆ ಕೇಳಲಿಲ್ಲ.

ವಾರಗಳು ಕಳೆದವು. ಮಾತು ಹೆಚ್ಚುಕಡಿಮೆ ಸರಿಹೋಯಿತು. ಮಾತು ಬಂದದ್ದೇ ಮಗನ ಜೊತೆಗಿನ ಜಗಳವೂ ನಿಂತಲ್ಲಿಂದ ಶುರುವಾಯಿತು. ರಾತ್ರಿಯ ಊಟ, ಅನ್ನ, ಬೇಯಿಸಿದ ಮೊಟ್ಟೆ. ಹೆಂಡತಿ ಈಗ ಅವನ ಎಡಪಕ್ಕದಲ್ಲೇ ಕೂರುತ್ತಿದ್ದಳು, ಮೊಟ್ಟೆ ಕತ್ತರಿಸಿ ಕೊಡಲು.

"ನನ್ನ ಗಿರಾಕಿಗಳೆಲ್ಲ ನಿನಗೆ ಬಂದ್ರಲ್ಲ" ಎಂದ ನುಣುಪಣ್ಣ, "ಆವಾಗ ನಿನಗೆ ಚೆನ್ನಾಗೇ ಇತ್ತು. ಅದಕ್ಕೇ ಬಾಯಿ ಬಿಡಲಿಲ್ಲ ನೀನು."

ಮಗ ಚಮಚ ಕೆಳಗಿಟ್ಟ. "ಚೆನ್ನಾಗಿತ್ತಾ?"

"ಇರದೇ ಏನು?"

"ಅಪ್ಪ, ನನ್ನ ಕುರ್ಚೀಲಿ ಕೂತವರಲ್ಲಿ ಎಷ್ಟು ಜನ ನನ್ನ ಕೈ ಮೆಚ್ಚಿ ಬಂದ್ರು, ಎಷ್ಟು ಜನ ನಿನ್ನ ಬಾಯಿಗೆ ಹೆದರಿ ಬಂದ್ರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಚೆನ್ನಾಗಿ ಮಾಡಿದ್ದೀಯ ಅಂತ ಯಾರಾದ್ರೂ ಹೇಳಿದ್ರೆ ನಂಬೋಕಾಗಲ್ಲ. ನಾನು ಒಳ್ಳೆ ಕೆಲಸಗಾರನೋ ಅಲ್ಲವೋ? ಯಾರನ್ನ ಕೇಳ್ಲಿ? ನೀನು ಹೇಳಬೇಕಿತ್ತು. ನೀನು ಒಂದು ದಿನಾನೂ ಹೇಳಲಿಲ್ಲ." ಅವನ ಗಂಟಲು ಏರಿತು. "ನಾವು ನಿನಗೆ ಹೇಳಲಿಲ್ಲ, ಸರಿ. ನೀನು ನನಗೆ ಏನು ಹೇಳಿದ್ದೀಯ?"

ಸೊಸೆ ಎದ್ದು ಗಂಡನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು, ಅವನು ಬೇಡವೆಂದರೂ.

ಮರುದಿನ ಬೆಳಿಗ್ಗೆ ನುಣುಪಣ್ಣ ಶರಟು ಹಾಕಿಕೊಂಡು, ಅದರ ಗುಂಡಿಗಳನ್ನು ತಾನೇ ಹೆಣಗಾಡಿ ಸಿಕ್ಕಿಸಿ, ಮಗನ ಜೊತೆ ಅಂಗಡಿಗೆ ಹೊರಟ. ಕತ್ತಿ ಹಿಡಿಯುವ ಹಾಗಿರಲಿಲ್ಲ. ಬೆಂಚಿನ ಮೇಲೆ ಕೂತು ದಿನವೆಲ್ಲ ಮಗ ಕೆಲಸ ಮಾಡುವುದನ್ನು ನೋಡಿದ. ಸಂಜೆ ಮಗ ಕೂದಲು ಗುಡಿಸುತ್ತಿದ್ದಾಗ ಹೇಳಿದ:

"ಕಿವಿಯ ಹಿಂದೆ ಕತ್ತರಿ ಓಡಿಸ್ತೀಯ. ಅಲ್ಲಿ ಅವಸರ ಮಾಡಬಾರದು."

ಮಗ ಪೊರಕೆ ನಿಲ್ಲಿಸಿದ.

"ಕತ್ತಿ ಮಾತ್ರ ನನಗಿಂತ ಹಗುರವಾಗಿ ಹಿಡೀತೀಯ. ಬಹಳ ದಿನದಿಂದ ನೋಡ್ತಿದ್ದೀನಿ. ಅದಕ್ಕೇ ನನಗೆ ಹೊಟ್ಟೆ ಉರೀತಿತ್ತು."

ಮಗ ಮತ್ತೆ ಗುಡಿಸತೊಡಗಿದ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ.

ಅಲ್ಲಿಂದ ಮುಂದೆ ನುಣುಪಣ್ಣ ದಿನಾ ಬಂದ. ಎಡಗೈಯಲ್ಲಿ ನೊರೆ ಎಬ್ಬಿಸಿ ಹಚ್ಚುವುದನ್ನು ಕಲಿತ. ಅವನು ನೊರೆ ಹಚ್ಚಿದರೆ ಮಗ ಕತ್ತಿ ಎಳೆಯುವುದು ಎಂದಾಯಿತು. ಮೊದಲು ಕೆಲವರು ಅಭ್ಯಾಸಬಲದಿಂದ ಮುಖ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಎಳೆದುಕೊಳ್ಳುವುದು ನಿಂತಿತು.

ಬಣ್ಣದಂಗಡಿಯ ಯಜಮಾನ ಮಗನ ಖಾಯಂ ಗಿರಾಕಿ. ದಪ್ಪ ಮನುಷ್ಯ, ದೊಡ್ಡ ಗಂಟಲು, ಅವನು ಬಂದರೆ ಅಂಗಡಿ ತುಂಬಿದ ಹಾಗಾಗುತ್ತಿತ್ತು. ಮಗ ಒಂದು ಕೆನ್ನೆ ಮುಗಿಸಿದ್ದ. ಇನ್ನೊಂದು ಕೆನ್ನೆಯ ನೊರೆ ಒಣಗಿತ್ತೆಂದು ನುಣುಪಣ್ಣ ಬ್ರಷ್ಷು ತೆಗೆದುಕೊಂಡು ಹತ್ತಿರ ಬಾಗಿದ. ಯಜಮಾನ ಯಾರನ್ನೋ ಬೈಯುತ್ತ ಮಾತಾಡುತ್ತಿದ್ದ. ನುಣುಪಣ್ಣನ ಮೂಗಿಗೆ ಅದು ಬಡಿಯಿತು. ಹಲ್ಲಿನ ಬುಡದಲ್ಲಿ ಕೆಂಪು ಗೆರೆ ಕಂಡಿತು. ಅವನು ಬ್ರಷ್ಷನ್ನು ಬಟ್ಟಲಲ್ಲಿಟ್ಟ.

"ಯಜಮಾನ್ರೇ, ನಿಮ್ಮ ಬಾಯಿ ವಾಸನೆ ಬರ್ತಿದೆ. ಒಸಡು ಕೆಟ್ಟಿದೆ. ಡಾಕ್ಟರಿಗೆ ತೋರಿಸಿ."

ಬೆಂಚಿನ ಮೇಲಿದ್ದವರು ಪೇಪರನ್ನು ಮುಖಕ್ಕೆ ಏರಿಸಿದರು.

"ಏನಂದೆ?"

"ವಾಸನೆ. ನನಗೂ ಇತ್ತು. ಆಮೇಲೆ ಏನಾಯ್ತು ಅಂತ ನೋಡ್ತಿದ್ದೀರಲ್ಲ."

ಯಜಮಾನ ಎದ್ದ. ಮುಖ ಕೆಂಪಾಗಿತ್ತು, ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ನೊರೆ. "ದುಡ್ಡು ಕೊಟ್ಟು ಇದನ್ನ ಕೇಳೋಕೆ ಬರಬೇಕಾ ಇಲ್ಲಿಗೆ?" ಎಂದವನೇ ಕುತ್ತಿಗೆಯ ಟವೆಲ್ಲನ್ನೂ ಬಿಚ್ಚದೆ ದಡದಡ ಮೆಟ್ಟಿಲಿಳಿದು ಹೋದ.

"ಅಪ್ಪ!" ಮಗ ಕತ್ತಿ ಹಿಡಿದೇ ನಿಂತಿದ್ದ. "ಹೇಳೋದಕ್ಕೂ ಒಂದು ರೀತಿ ಇಲ್ವಾ? ನಾಲ್ಕು ಜನರ ಮುಂದೆ..."

ನಾಲ್ಕು ಜನರ ಮುಂದೆ ಎಂಬುದು ನುಣುಪಣ್ಣನಿಗೆ ಆಗಲೇ ಹೊಳೆದಿದ್ದದ್ದು. ಆಸ್ಪತ್ರೆಯಲ್ಲಿ ತಾನು ಮಲಗಿಕೊಂಡು ಕೇಳಿಸಿಕೊಂಡದ್ದು ನೆನಪಾಗಿ ಅವನ ಮುಖ ಬಾಡಿತು. "ಅದು ತಪ್ಪಾಯ್ತು" ಎಂದ. "ಪಕ್ಕಕ್ಕೆ ಕರೆದು ಹೇಳಬೇಕಿತ್ತು. ಆದರೆ ಹೇಳೋ ರೀತಿ ಯಾವುದು ಅಂತ ಹುಡುಕ್ತಾ ಕೂತೇ ಅಲ್ವಾ ನೀವೆಲ್ಲ ಏಳೆಂಟು ವರ್ಷ ಕಳೆದಿದ್ದು?"

ಮಗ ಕತ್ತಿಯನ್ನು ಒರೆಸಿ, "ಮುಂದಿನವರು ಬನ್ನಿ" ಎಂದ.

ಮುಂದಿನವರದು ಮುಗಿಯಿತು. ಅವರ ನಂತರದವರದೂ ಮುಗಿಯಿತು. ಬೆಂಚು ಖಾಲಿಯಾದ ಮೇಲೆ ಯಜಮಾನ ಬಾಗಿಲಲ್ಲಿ ಕಾಣಿಸಿಕೊಂಡ. ಎದುರಿನ ಓಣಿಯಲ್ಲಿ ನಿಂತು ಕಾದಿದ್ದನೋ ಏನೋ. ಕೆನ್ನೆಯ ಮೇಲೆ ನೊರೆ ಒಣಗಿ ಬಿರುಕು ಬಿಟ್ಟಿತ್ತು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತ. ಗಂಟಲು ಯಾವಾಗಿನಷ್ಟು ದೊಡ್ಡದಿರಲಿಲ್ಲ.

"ನನ್ನ ಹೆಂಡತಿ ಯಾವತ್ತೂ ಹೇಳಿಲ್ಲ."

"ಹೇಳಲ್ಲ" ಎಂದ ನುಣುಪಣ್ಣ. "ಹಲ್ಲುಜ್ಜುವಾಗ ರಕ್ತ ಬರುತ್ತಾ?"

"ಬರುತ್ತೆ" ಎಂದ ಯಜಮಾನ. "ಯಾವ ಡಾಕ್ಟ್ರು?"

"ಹೇಳ್ತೀನಿ." ನುಣುಪಣ್ಣ ಬಟ್ಟಲಿಗೆ ಬಿಸಿನೀರು ಹುಯ್ದು ಬ್ರಷ್ಷು ತಿರುಗಿಸತೊಡಗಿದ. "ಮೊದಲು ಬಂದು ಕೂತ್ಕೊಳ್ಳಿ. ಇನ್ನೊಂದು ಕೆನ್ನೆ ಬಾಕಿ ಇದೆ."